ಮೊದಲ ವಿಮಾನಯಾನ: ಬೆರಗು ಕೈತಪ್ಪದಂತೆ ಹಾರುವುದು ಹೇಗೆ?

ಮೊದಲ ಸಲ ವಿಮಾನ ಹತ್ತುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ನಿಲ್ದಾಣದ ಒಳಗಿನ ವ್ಯವಹಾರಕ್ಕೆ ಸಂಬಂಧಿಸಿದವು: ಎಷ್ಟು ಹೊತ್ತಿಗೆ ಹೋಗಬೇಕು, ಯಾವ ಸಾಲಿನಲ್ಲಿ ನಿಲ್ಲಬೇಕು, ಯಾವ ಕಾಗದ ತೋರಿಸಬೇಕು. ಅವೆಲ್ಲ ಅಗತ್ಯವಾದವೇ, ಈ ಲೇಖನದಲ್ಲೂ ಅವು ಬರುತ್ತವೆ. ಆದರೆ ನೆಲ ಬಿಟ್ಟ ಮೇಲಿನ ಗಂಟೆಗಳಲ್ಲಿ ಏನು ನೋಡಬೇಕು, ಏನು ಕೇಳಿಸಿಕೊಳ್ಳಬೇಕು ಎಂಬುದನ್ನು ಹೇಳಿಕೊಡುವವರು ವಿರಳ. ನನ್ನ ಮೊದಲ ಯಾನದಲ್ಲಿ ವಿಮಾನ ಮೇಲೇರುತ್ತಿದ್ದಾಗ ಎಂಜಿನ್ನಿನ ಸದ್ದು ಒಮ್ಮೆಲೇ ತಗ್ಗಿತು. ಏನೋ ಕೆಟ್ಟಿತೆಂದು ಹೆದರಿ ನಾನು ಕಣ್ಣು ಮುಚ್ಚಿಕೊಂಡೆ. ಮತ್ತೆ ತೆರೆಯುವ ಹೊತ್ತಿಗೆ ಮೋಡಗಳು ಕೆಳಗೆ ಉಳಿದುಹೋಗಿದ್ದವು. ಬೂದು ಮಂಜಿನೊಳಗಿಂದ ಬಿಸಿಲಿಗೆ ಹೊರಬರುವ ಆ ಕ್ಷಣ ಜೀವನದಲ್ಲಿ ಮೊದಲ ಸಲ ಬರುವುದು ಒಂದೇ ಸಲ, ಅದನ್ನು ನಾನು ನೋಡಲಿಲ್ಲ. ಆ ಸದ್ದು ಏಕೆ ತಗ್ಗುತ್ತದೆ ಎಂಬುದನ್ನು ಯಾರಾದರೂ ಮುಂಚೆಯೇ ತಿಳಿಸಿದ್ದರೆ ಕಣ್ಣು ತೆರೆದೇ ಇರುತ್ತಿದ್ದೆ. ಆದ್ದರಿಂದ ಈ ಮಾರ್ಗದರ್ಶಿಯ ಉದ್ದೇಶ ಇಷ್ಟೇ: ಚಿಂತೆಗೆ ಕಾರಣವಾಗುವ ಕೆಲಸಗಳನ್ನೆಲ್ಲ ನೆಲದ ಮೇಲೆಯೇ ಮುಗಿಸಿ, ಆಕಾಶದಲ್ಲಿರುವಷ್ಟು ಹೊತ್ತು ಕಣ್ಣನ್ನೂ ಕಿವಿಯನ್ನೂ ಬಿಡುವಾಗಿ ಇರಿಸಿಕೊಳ್ಳುವುದು.

ಮೊದಲ ಹಂತ: ಸೀಟಿನ ಆಯ್ಕೆ

ಮೊದಲ ಯಾನಕ್ಕೆ ಕಿಟಕಿ ಪಕ್ಕದ ಸೀಟೇ ಬೇಕು; ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಟಿಕೆಟ್ ಕಾಯ್ದಿರಿಸುವಾಗ ಅಥವಾ ಪ್ರಯಾಣದ ಮೊದಲು ವೆಬ್ ಚೆಕ್-ಇನ್ (ಅಂತರ್ಜಾಲದಲ್ಲೇ ಪ್ರಯಾಣವನ್ನು ಖಚಿತಪಡಿಸುವುದು) ಮಾಡುವಾಗ ಸೀಟುಗಳ ನಕ್ಷೆ ಕಾಣಿಸುತ್ತದೆ. ನಡುವೆ ಒಂದೇ ಓಡಾಟದ ದಾರಿ ಇರುವ, ಏರ್‌ಬಸ್ ಎ320 ಅಥವಾ ಬೋಯಿಂಗ್ 737ರಂತಹ ವಿಮಾನಗಳಲ್ಲಿ ಒಂದು ಸಾಲಿಗೆ ಆರು ಸೀಟುಗಳಿದ್ದು, ಅವನ್ನು ಎ ಇಂದ ಎಫ್‌ವರೆಗಿನ ಅಕ್ಷರಗಳಿಂದ ಗುರುತಿಸುತ್ತಾರೆ. ಮುಂದಕ್ಕೆ ಮುಖ ಮಾಡಿ ಕುಳಿತಾಗ ಎಡತುದಿಯ ಕಿಟಕಿ ಎ, ಬಲತುದಿಯ ಕಿಟಕಿ ಎಫ್. ಸಾಲುಗಳ ಪೈಕಿ ನಡುಭಾಗದವು ರೆಕ್ಕೆಯ ಮೇಲೆ ಬರುತ್ತವೆ; ಅಲ್ಲಿ ಕುಲುಕಾಟ ಕಡಿಮೆ, ಆದರೆ ಕೆಳಗಿನ ನೋಟವನ್ನು ರೆಕ್ಕೆ ಮರೆಮಾಡುತ್ತದೆ. ರೆಕ್ಕೆಗಿಂತ ಮುಂದಿನ ಸಾಲುಗಳಿಂದ ನೆಲ ಸ್ಪಷ್ಟವಾಗಿ ಕಾಣುತ್ತದೆ. ಹಿಂದಿನ ಸಾಲುಗಳಿಂದಲೂ ನೆಲ ಕಾಣುತ್ತದೆಯಾದರೂ ಎಂಜಿನ್ನಿನ ಬಿಸಿಗಾಳಿ ಹಾದುಹೋಗುವ ಕಡೆ ದೃಶ್ಯ ನೀರಿನೊಳಗೆ ಕಂಡಂತೆ ಅಲುಗುತ್ತದೆ. ಆದರೆ ರೆಕ್ಕೆಯ ಹಿಂಬದಿಯಲ್ಲಿ ಚಲಿಸುವ ಭಾಗಗಳೆಲ್ಲ ಕೈಗೆಟುಕುವಂತೆ ಕಾಣುವುದು ರೆಕ್ಕೆಯ ಸ್ವಲ್ಪ ಹಿಂದಿನ ಸಾಲುಗಳಿಂದಲೇ. ಯಂತ್ರ ಹೇಗೆ ಕೆಲಸ ಮಾಡುತ್ತದೆಂಬ ಕುತೂಹಲವಿರುವವರಿಗೆ ಆ ಸಾಲುಗಳೇ ಉತ್ತಮ. ಕೆಲವು ವಿಮಾನಗಳಲ್ಲಿ ಗೋಡೆಯೊಳಗೆ ಹವಾನಿಯಂತ್ರಣದ ಕೊಳವೆ ಹಾದುಹೋಗುವ ಜಾಗದಲ್ಲಿ ಕಿಟಕಿಯೇ ಇರುವುದಿಲ್ಲ, ಆದ್ದರಿಂದ ನಕ್ಷೆಯನ್ನು ನಿಧಾನವಾಗಿ ಗಮನಿಸಿ.

ಎಡವೋ ಬಲವೋ ಎಂಬುದನ್ನು ಸೂರ್ಯನಿಗೆ ಬಿಡುವುದು ಒಳ್ಳೆಯದು. ಬೆಳಿಗ್ಗೆ ಉತ್ತರ ದಿಕ್ಕಿಗೆ ಹೊರಟ ವಿಮಾನದಲ್ಲಿ ಸೂರ್ಯ ಬಲಗಡೆ ಇರುತ್ತಾನೆ. ಅದೇ ಹೊತ್ತಿಗೆ ದಕ್ಷಿಣಕ್ಕೆ ಹೋಗುವಾಗ ಎಡಗಡೆ. ಸಂಜೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಸೂರ್ಯೋದಯ ಅಥವಾ ಸೂರ್ಯಾಸ್ತವನ್ನು ನೋಡಬೇಕೆಂದಿದ್ದರೆ ಸೂರ್ಯನಿರುವ ಬದಿಯನ್ನು ಆರಿಸಿ. ಉಳಿದ ಹೊತ್ತಿನಲ್ಲಿ ಸೂರ್ಯನಿಗೆ ಬೆನ್ನು ಹಾಕಿದ ಬದಿಯೇ ಲೇಸು. ಆ ಬದಿಯಲ್ಲಿ ಕಣ್ಣು ಕುಕ್ಕುವ ಬೆಳಕಿಲ್ಲ, ನೆಲದ ಬಣ್ಣಗಳು ನಿಜವಾಗಿ ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ಮುಂದೆ ನಾನು ವಿವರಿಸಲಿರುವ ಬಣ್ಣದ ಬಳೆ ಕಾಣಿಸುವುದು ಆ ಬದಿಗೆ ಮಾತ್ರ.

ಎರಡನೆಯ ಹಂತ: ಚೀಲ ಮತ್ತು ಕಾಗದಪತ್ರ

ಈ ಹಂತವನ್ನು ಹಿಂದಿನ ರಾತ್ರಿಯೇ ಮುಗಿಸಿಬಿಡಿ. ಟಿಕೆಟ್ಟಿನಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಿಕೆಯಾಗಬೇಕು. ವ್ಯತ್ಯಾಸವಿದ್ದರೆ ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ ಸರಿಪಡಿಸಿಕೊಳ್ಳಿ. ಎಷ್ಟು ತೂಕದ ಲಗೇಜ್ ಒಯ್ಯಬಹುದು ಎಂಬುದು ಟಿಕೆಟ್ಟಿನಲ್ಲೇ ನಮೂದಾಗಿರುತ್ತದೆ, ಮನೆಯಲ್ಲೇ ತೂಗಿ ನೋಡಿ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಸರಕಿನ ಕೋಣೆಗೆ ಹೋಗುವ ದೊಡ್ಡ ಚೀಲದಲ್ಲಿ ಇಡುವಂತಿಲ್ಲ. ಅವು ಕೈಚೀಲದಲ್ಲೇ ಇರಬೇಕು. ಅಂತಹ ಬ್ಯಾಟರಿ ಕೆಟ್ಟು ಹೊತ್ತಿಕೊಂಡರೆ ಕ್ಯಾಬಿನ್‌ನಲ್ಲಿರುವ ಸಿಬ್ಬಂದಿ ಕೂಡಲೇ ಅದನ್ನು ನಂದಿಸಬಹುದು, ಸರಕಿನ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಇದರ ಸಾಮಾನ್ಯ ಮಿತಿ 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಮಿಲಿ ಆಂಪಿಯರ್-ಅವರ್. ಕತ್ತರಿ, ಚಾಕು ಮುಂತಾದ ಹರಿತವಾದ ವಸ್ತುಗಳು ದೊಡ್ಡ ಚೀಲಕ್ಕೆ. ಅಂತರರಾಷ್ಟ್ರೀಯ ಯಾನಗಳಲ್ಲಿ ಕೈಚೀಲದ ದ್ರವಗಳಿಗೆ 2006ರಿಂದ ಮಿತಿ ಬಂದಿದೆ: ಪ್ರತಿ ಶೀಷೆ 100 ಮಿಲಿ ಲೀಟರ್ ಮೀರಬಾರದು, ಎಲ್ಲವೂ 1 ಲೀಟರಿನ ಪಾರದರ್ಶಕ ಚೀಲದಲ್ಲಿರಬೇಕು. ಹೊಸ ಬಗೆಯ ಸ್ಕ್ಯಾನರ್ ಇರುವ ಕೆಲವು ನಿಲ್ದಾಣಗಳು ಇದನ್ನು ಸಡಿಲಿಸಿವೆಯಾದರೂ ಹಳೆಯ ನಿಯಮವನ್ನೇ ಪಾಲಿಸಿದರೆ ಎಲ್ಲಿಯೂ ತೊಂದರೆಯಾಗದು.

ಕೈಚೀಲದಲ್ಲಿ ಇನ್ನೂ ಮೂರು ವಸ್ತುಗಳಿರಲಿ: ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿ, ತೆಳುವಾದ ಒಂದು ಸ್ವೆಟರ್, ಕಪ್ಪು ಬಟ್ಟೆಯ ಒಂದು ತುಂಡು. ಬಾಟಲಿಯ ಮತ್ತು ಬಟ್ಟೆಯ ಉಪಯೋಗ ಮುಂದೆ ತಿಳಿಯುತ್ತದೆ.

ಮೂರನೆಯ ಹಂತ: ನಿಲ್ದಾಣದಲ್ಲಿ

ದೇಶದೊಳಗಿನ ಪ್ರಯಾಣವಾದರೆ 2 ಗಂಟೆ, ಹೊರದೇಶಕ್ಕಾದರೆ 3 ಗಂಟೆ ಮುಂಚಿತವಾಗಿ ತಲುಪಿ. ಕೌಂಟರಿನಲ್ಲಿ ದೊಡ್ಡ ಚೀಲವನ್ನು ಒಪ್ಪಿಸಿದಾಗ ವಿಮಾನ ಹತ್ತಲು ಬೇಕಾದ ಬೋರ್ಡಿಂಗ್ ಪಾಸಿನ ಜೊತೆಗೆ ಲಗೇಜಿನ ಚೀಟಿಯನ್ನೂ ಕೊಡುತ್ತಾರೆ, ಅದನ್ನು ಜೋಪಾನ ಮಾಡಿ. ಭದ್ರತಾ ತಪಾಸಣೆಯಲ್ಲಿ ಮೊಬೈಲ್, ಲ್ಯಾಪ್‌ಟಾಪ್, ಬೆಲ್ಟ್ ಇವನ್ನೆಲ್ಲ ಟ್ರೇಯಲ್ಲಿಡಲು ಹೇಳಬಹುದು. ಸಿಬ್ಬಂದಿ ಹೇಳಿದಂತೆ ಮಾಡಿದರಾಯಿತು. ಇದು ಮೊದಲ ಪ್ರಯಾಣ ಎಂದು ಹೇಳಿಕೊಳ್ಳಲು ಸಂಕೋಚ ಬೇಡ. ಗೇಟ್, ಅಂದರೆ ವಿಮಾನ ಹತ್ತಲು ಹೋಗುವ ಬಾಗಿಲಿನ ಸಂಖ್ಯೆ ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು, ಆದ್ದರಿಂದ ಪಾಸಿನ ಮೇಲೆ ಅಚ್ಚಾದುದನ್ನು ಮಾತ್ರ ನಂಬದೆ ಪರದೆಯನ್ನೂ ಆಗಾಗ ನೋಡುತ್ತಿರಿ. ಹೊರಡುವ ಸಮಯವೆಂದು ಬರೆದಿರುವ ಹೊತ್ತಿಗೆ ಗೇಟ್ ಮುಚ್ಚಿ ಬಹಳ ಹೊತ್ತಾಗಿರುತ್ತದೆ ಎಂಬುದು ನೆನಪಿರಲಿ. ಗೇಟ್ ಮುಚ್ಚುವ ಸಮಯವನ್ನು ಬೇರೆಯಾಗಿಯೇ ನಮೂದಿಸಿರುತ್ತಾರೆ.

ಬಿಡುವಿದ್ದರೆ ಗಾಜಿನ ಗೋಡೆಯ ಬಳಿ ನಿಂತು ನಿಮ್ಮ ವಿಮಾನವನ್ನು ಹೊರಗಿನಿಂದ ಚೆನ್ನಾಗಿ ನೋಡಿಕೊಳ್ಳಿ. ಎ320 ವಿಮಾನದ ಉದ್ದ ಸುಮಾರು 37.5 ಮೀಟರ್. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಬಳಿಯ ಮರಳು ಬಯಲಿನಲ್ಲಿ ಆರ್ವಿಲ್ ರೈಟ್ ನಡೆಸಿದ ಮೊದಲ ಯಾಂತ್ರಿಕ ಹಾರಾಟ 12 ಸೆಕೆಂಡುಗಳದ್ದು, ದೂರ 120 ಅಡಿ, ಅಂದರೆ ಸುಮಾರು 36.5 ಮೀಟರ್. ಆ ಇಡೀ ಹಾರಾಟವನ್ನು ನಿಮ್ಮ ಕಣ್ಣೆದುರಿನ ವಿಮಾನದ ಮೂತಿಯಲ್ಲಿ ಆರಂಭಿಸಿದ್ದರೆ ಬಾಲ ದಾಟುವ ಮೊದಲೇ ಮುಗಿದುಹೋಗುತ್ತಿತ್ತು.

ನಾಲ್ಕನೆಯ ಹಂತ: ಒಳಗೆ ಕುಳಿತ ಮೇಲೆ

ಕೈಚೀಲವನ್ನು ತಲೆಯ ಮೇಲಿನ ಖಾನೆಯಲ್ಲಿಡಿ, ಬೇಕಾಗುವ ವಸ್ತುಗಳನ್ನು ಮುಂದಿನ ಸೀಟಿನ ಜೇಬಿಗೆ ವರ್ಗಾಯಿಸಿ, ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ. ಸೀಟ್ ಬೆಲ್ಟ್ ಹೊಟ್ಟೆಗಿಂತ ಕೆಳಗೆ, ಸೊಂಟದ ಮೂಳೆಗೆ ಒತ್ತಿಕೊಂಡಂತೆ ಬಿಗಿಯಾಗಿರಬೇಕು. ಅದು ಕಾರಿನ ಬೆಲ್ಟಿನಂತೆ ಗುಂಡಿ ಒತ್ತಿ ಬಿಚ್ಚುವಂಥದ್ದಲ್ಲ, ಲೋಹದ ಮುಚ್ಚಳವನ್ನು ಮೇಲಕ್ಕೆತ್ತಬೇಕು. ಒಂದೆರಡು ಸಲ ಹಾಕಿ ತೆಗೆದು ಅಭ್ಯಾಸ ಮಾಡಿ.

ಸುರಕ್ಷತೆಯ ಪ್ರಾತ್ಯಕ್ಷಿಕೆಯನ್ನು ಪೂರ್ತಿಯಾಗಿ ನೋಡಿ. ಅನೇಕ ಸಲ ಹಾರಿದವರು ಆ ಹೊತ್ತಿನಲ್ಲಿ ಮೊಬೈಲ್ ನೋಡುತ್ತಿರುತ್ತಾರೆ, ಅವರನ್ನು ಅನುಸರಿಸಬೇಡಿ. ನಿಮ್ಮ ಸೀಟಿನಿಂದ ಹತ್ತಿರದ ನಿರ್ಗಮನ ದ್ವಾರಕ್ಕೆ ಎಷ್ಟು ಸಾಲುಗಳಿವೆ ಎಂಬುದನ್ನು ಮುಂದಕ್ಕೂ ಹಿಂದಕ್ಕೂ ಎಣಿಸಿ ಮನಸ್ಸಿನಲ್ಲಿಟ್ಟುಕೊಳ್ಳಿ. ಹೊಗೆ ತುಂಬಿ ಕಣ್ಣು ಕಾಣದಿದ್ದರೂ ಸೀಟಿನ ಬೆನ್ನುಗಳನ್ನು ಮುಟ್ಟುತ್ತ ಅಲ್ಲಿಗೆ ತಲುಪಲು ಆ ಎಣಿಕೆ ಸಾಕು. ದೊಡ್ಡ ವಿಮಾನಗಳಿಗೆ ಮಾನ್ಯತೆ ನೀಡುವ ಮೊದಲು, ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದಾಗಲೂ ಎಲ್ಲರೂ 90 ಸೆಕೆಂಡುಗಳಲ್ಲಿ ಹೊರಬರಬಹುದು ಎಂಬುದನ್ನು ಸಾಬೀತುಪಡಿಸಬೇಕಾಗುತ್ತದೆ. ಆಮ್ಲಜನಕದ ಮುಖವಾಡವನ್ನು ಮೊದಲು ತಾವು ಹಾಕಿಕೊಂಡು ಅನಂತರ ಮಕ್ಕಳಿಗೆ ಹಾಕಬೇಕೆಂಬ ಸೂಚನೆ ನಿರ್ದಯವಾಗಿ ಕೇಳಿಸಬಹುದು, ಆದರೆ ಎತ್ತರದ ತೆಳುಗಾಳಿಯಲ್ಲಿ ಎಚ್ಚರ ತಪ್ಪಲು ಒಂದು ನಿಮಿಷವೂ ಬೇಕಾಗದು. ಎಚ್ಚರ ತಪ್ಪಿದವರು ಮಗುವಿಗೆ ನೆರವಾಗಲಾರರು. ಹಾರಾಟದ ನಡುವೆ ಯಾರಾದರೂ ಬಾಗಿಲು ತೆರೆದುಬಿಟ್ಟರೆ ಎಂಬ ಭಯವನ್ನು ಇಲ್ಲಿಯೇ ಬಿಟ್ಟುಬಿಡಬಹುದು. ಎತ್ತರದಲ್ಲಿ ಒಳಗಿನ ಗಾಳಿ ಬಾಗಿಲನ್ನು ಅದರ ಚೌಕಟ್ಟಿಗೆ ಪ್ರತಿ ಚದರ ಮೀಟರಿಗೆ ಸುಮಾರು 5 ಟನ್ ಬಲದಿಂದ ಒತ್ತಿ ಹಿಡಿದಿರುತ್ತದೆ, ಅದನ್ನು ಮೀರಿ ಎಳೆಯುವ ತೋಳು ಮನುಷ್ಯರಲ್ಲಿ ಇಲ್ಲ.

ಇನ್ನು ಕಿಟಕಿ. ಅದರ ಅಂಚುಗಳು ದುಂಡಗಿರುವುದಕ್ಕೆ ಹಿನ್ನೆಲೆಯಿದೆ: ಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಕಾಮೆಟ್ 1954ರಲ್ಲಿ ಎರಡು ಸಲ ಆಕಾಶದಲ್ಲೇ ಒಡೆದುಹೋದಾಗ ನಡೆದ ತನಿಖೆಯಲ್ಲಿ, ಒಡಲಿನ ತಗಡಿನಲ್ಲಿ ಕೊರೆದ ಚೌಕಾಕಾರದ ರಂಧ್ರಗಳ ಮೂಲೆಗಳಲ್ಲಿ ಒತ್ತಡ ಕೇಂದ್ರೀಕರಿಸಿ ಬಿರುಕು ಹುಟ್ಟುತ್ತದೆಂಬುದು ಕಂಡುಬಂತು. ಗಾಜಿನಂತೆ ಕಾಣುವ ಈ ಕಿಟಕಿ ವಾಸ್ತವವಾಗಿ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಪದರಗಳಿಂದ ಆದದ್ದು. ನಡುವಿನ ಪದರದ ಕೆಳಭಾಗದಲ್ಲಿ ಒಂದು ಚಿಕ್ಕ ರಂಧ್ರವಿದೆ. ಗಾಬರಿಯಾಗಬೇಡಿ, ಅದನ್ನು ಬೇಕೆಂದೇ ಕೊರೆದಿದ್ದಾರೆ. ಗಾಳಿಯ ಒತ್ತಡವನ್ನೆಲ್ಲ ಹೊರಪದರವೇ ಹೊರುವಂತೆ ಮಾಡಿ ನಡುಪದರವನ್ನು ಆಪತ್ತಿಗೆ ಕಾದಿರಿಸುವುದು ಅದರ ಕೆಲಸ. ಕಿಟಕಿಗೆ ಮಂಜು ಹಿಡಿಯದಂತೆಯೂ ಅದು ನೋಡಿಕೊಳ್ಳುತ್ತದೆ. ಎತ್ತರಕ್ಕೆ ಹೋದ ಮೇಲೆ ಆ ರಂಧ್ರದ ಸುತ್ತ ಪುಟ್ಟ ಹಿಮದ ಹರಳುಗಳು ಹೂವಿನಂತೆ ಅರಳುವುದನ್ನು ನೋಡಿ.

ಐದನೆಯ ಹಂತ: ನೆಲ ಬಿಡುವ ಗಳಿಗೆ

ರನ್‌ವೇಯ ತುದಿಯಲ್ಲಿ ವಿಮಾನ ಕ್ಷಣಕಾಲ ನಿಲ್ಲಬಹುದು. ಪೈಲಟ್ ಮೊದಲು ಎಂಜಿನ್ನುಗಳ ವೇಗವನ್ನು ಸ್ವಲ್ಪವೇ ಏರಿಸಿ, ಎರಡೂ ಸಮನಾಗಿ ತಿರುಗುತ್ತಿವೆ ಎಂಬುದು ಖಚಿತವಾದ ಮೇಲೆ ಪೂರ್ಣ ಬಲ ಕೊಡುತ್ತಾರೆ, ಆದ್ದರಿಂದ ಸದ್ದು ಎರಡು ಮೆಟ್ಟಿಲುಗಳಲ್ಲಿ ಏರುತ್ತದೆ. ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಕೆಳಗೆ ಟಪ ಟಪ ಎಂದು ಕೇಳಿಸುವುದು ಮುಂಚಕ್ರ ರನ್‌ವೇಯ ನಡುಗೆರೆಯ ದೀಪಗಳ ಮೇಲೆ ಹಾಯುವ ಸದ್ದು. ಸುಮಾರು ಅರ್ಧ ನಿಮಿಷದ ಓಟದ ನಂತರ, ವೇಗ ಗಂಟೆಗೆ 250 ಕಿಲೋಮೀಟರಿನ ಆಸುಪಾಸಿಗೆ ಬಂದಾಗ ಮೂತಿ ಮೇಲೇಳುತ್ತದೆ. ಟಪ ಟಪ ನಿಲ್ಲುತ್ತದೆ. ನೆಲ ಬಿಟ್ಟದ್ದನ್ನು ಕಣ್ಣಿಗಿಂತ ಮೊದಲು ಕಿವಿ ತಿಳಿಯುವುದು ಹೀಗೆ.

ಈಗ ರೆಕ್ಕೆಯತ್ತ ನೋಡಿ. ನಿಲ್ದಾಣದಲ್ಲಿ ನಿಂತಿದ್ದಾಗ ಸ್ವಲ್ಪ ಕೆಳಗೆ ಬಾಗಿದಂತಿದ್ದ ಅದರ ತುದಿ ಈಗ ಮೇಲಕ್ಕೆ ಬಾಗಿದೆ. ಅಲ್ಲಿಯವರೆಗೆ ಚಕ್ರಗಳು ಹೊತ್ತಿದ್ದ ಭಾರವನ್ನು ಈಗ ರೆಕ್ಕೆಗಳು ಹೊತ್ತಿವೆ. ಎ320 ವಿಮಾನದ ಗರಿಷ್ಠ ತೂಕ ಸುಮಾರು 78 ಟನ್, ರೆಕ್ಕೆಗಳ ವಿಸ್ತೀರ್ಣ ಸುಮಾರು 122 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರಿನ ಮೇಲೆ 600 ಕಿಲೋಗಿಂತ ಹೆಚ್ಚಿನ ಭಾರ. ಇಷ್ಟು ಭಾರ ಹೊರಲು ರೆಕ್ಕೆಯ ಕೆಳಗಿನ ಮತ್ತು ಮೇಲಿನ ಗಾಳಿಯ ಒತ್ತಡದಲ್ಲಿ ಎಷ್ಟು ವ್ಯತ್ಯಾಸ ಬೇಕೆಂದು ಲೆಕ್ಕ ಹಾಕಿದರೆ, ಅದು ನಾವು ಸಮುದ್ರಮಟ್ಟದಲ್ಲಿ ಅರಿವಿಲ್ಲದೆಯೇ ಹೊತ್ತಿರುವ ವಾತಾವರಣದ ಒತ್ತಡದ ಹದಿನಾರನೆಯ ಒಂದು ಪಾಲು ಮಾತ್ರ. ನಾವು ಏನೂ ಇಲ್ಲವೆಂದು ಭಾವಿಸುವ ಗಾಳಿಯೊಳಗೆ ಅಷ್ಟು ಶಕ್ತಿ ಅಡಗಿದೆ. ಮೇಲ್ಭಾಗದ ದಾರಿ ಉದ್ದವಾದ್ದರಿಂದ ಅಲ್ಲಿನ ಗಾಳಿ ಕೆಳಗಿನ ಗಾಳಿಯ ಜೊತೆ ಒಂದೇ ಹೊತ್ತಿಗೆ ಸೇರಲು ಓಡುತ್ತದೆ ಎಂಬ ವಿವರಣೆಯನ್ನು ನೀವು ಶಾಲೆಯಲ್ಲಿ ಓದಿರಬಹುದು, ಅದು ತಪ್ಪು. ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಹಿಂತುದಿಯನ್ನು ತಲುಪುತ್ತದೆ. ಓರೆಯಾಗಿ ನಿಂತ ರೆಕ್ಕೆ ತನ್ನನ್ನು ಹಾಯುವ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಆ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಒತ್ತಡದ ವ್ಯತ್ಯಾಸವೂ ಇದೂ ಒಂದೇ ಘಟನೆಯ ಎರಡು ಮುಖಗಳು.

ಮುಂದಿನ ಎರಡು ಮೂರು ನಿಮಿಷಗಳಲ್ಲಿ ಕೇಳಿಸುವ ಸದ್ದುಗಳ ಕ್ರಮವನ್ನು ಮೊದಲೇ ತಿಳಿದಿರಬೇಕು. ಕಾಲಡಿಯಿಂದ ದಡ್ ಎಂಬ ಸದ್ದು ಬಂದರೆ ಚಕ್ರಗಳು ಒಡಲೊಳಗೆ ಮಡಚಿಕೊಂಡು ಬಾಗಿಲು ಮುಚ್ಚಿತೆಂದು ಅರ್ಥ. ಬಳಿಕ, ನೆಲದಿಂದ ಸುಮಾರು 300ರಿಂದ 450 ಮೀಟರ್ ಎತ್ತರದಲ್ಲಿ ಎಂಜಿನ್ನಿನ ಆರ್ಭಟ ಒಮ್ಮೆಲೇ ತಗ್ಗಿ, ವಿಮಾನ ಕೆಳಗಿಳಿಯುತ್ತಿದೆಯೇನೋ ಎಂಬಂತೆ ಹೊಟ್ಟೆಯಲ್ಲಿ ತಳಮಳವಾಗುತ್ತದೆ. ನಾನು ಕಣ್ಣು ಮುಚ್ಚಿಕೊಂಡದ್ದು ಇಲ್ಲಿಯೇ. ಪೂರ್ಣ ಬಲ ಬೇಕಾದದ್ದು ನೆಲ ಬಿಡುವುದಕ್ಕೆ. ಅದಾದ ಮೇಲೆ ಎಂಜಿನ್ನಿನ ಸವೆತವನ್ನೂ ಕೆಳಗಿನವರಿಗೆ ಕೇಳುವ ಶಬ್ದವನ್ನೂ ಕಡಿಮೆ ಮಾಡಲು ಪೈಲಟ್ ಬಲವನ್ನು ತಗ್ಗಿಸುತ್ತಾರೆ. ವಿಮಾನ ಏರುತ್ತಲೇ ಇರುತ್ತದೆ. ಏರುವ ರಭಸ ಕಡಿಮೆಯಾದದ್ದನ್ನು ಒಳಕಿವಿಯ ಸಮತೋಲನದ ಅಂಗ ಇಳಿತವೆಂದು ತಪ್ಪಾಗಿ ತಿಳಿಯುತ್ತದೆ, ಅಷ್ಟೆ. ಆಮೇಲೆ ಕೇಳುವ ಸಣ್ಣ ಗುಂಯ್‌ಗುಡುವಿಕೆ ರೆಕ್ಕೆಯ ಹಿಂಬದಿಯಲ್ಲಿ ಚಾಚಿಕೊಂಡಿದ್ದ ಫ್ಲಾಪ್ ಎಂಬ ಹಲಗೆಗಳು ಒಳಸರಿಯುವುದರಿಂದ ಬರುತ್ತದೆ. ವಿಮಾನ ಒಂದು ಬದಿಗೆ ವಾಲಿದರೆ ದಿಕ್ಕು ಬದಲಿಸುತ್ತಿದೆ ಎಂದರ್ಥ. ಆ ವಾಲುವಿಕೆ ಸಾಮಾನ್ಯವಾಗಿ 30 ಡಿಗ್ರಿಯನ್ನು ಮೀರುವುದಿಲ್ಲ. ಭಯ ಬಿಟ್ಟು ನೋಡಿದರೆ ಊರುಗಳನ್ನು ನೇರವಾಗಿ ಕೆಳಗೆ ನೋಡಲು ಸಿಗುವ ಅಪೂರ್ವ ಅವಕಾಶ ಅದು.

ಮೋಡ ಸಮೀಪಿಸಿದಾಗ ಬೇರೆ ಯಾವ ಕಡೆಗೂ ಗಮನ ಕೊಡಬೇಡಿ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೂ ಅಲ್ಲಿಯವರೆಗೆ ಆ ವೇಗ ಕಣ್ಣಿಗೆ ಕಾಣಿಸುತ್ತಿರಲಿಲ್ಲ. ಮೋಡದ ಚೂರುಗಳು ರೆಕ್ಕೆಯ ಮೇಲೆ ಹರಿದು ಹಿಂದೆ ಧಾವಿಸುವಾಗಲೇ ಅದು ಪ್ರತ್ಯಕ್ಷವಾಗುತ್ತದೆ. ಆಮೇಲೆ ಕಿಟಕಿಯ ಹೊರಗೆ ಬಿಳಿ ಬಿಟ್ಟು ಏನೂ ಇರುವುದಿಲ್ಲ. ಆ ಬಿಳಿ ಕ್ರಮೇಣ ಬೆಳ್ಳಗಾಗುತ್ತ ಹೋಗಿ, ತಟ್ಟನೆ ಕೆಳಗೆ ಜಾರಿಬಿಡುತ್ತದೆ. ನೆಲದಲ್ಲಿ ಮಳೆ ಸುರಿಯುತ್ತಿದ್ದ ದಿನವೂ ಮೇಲೆ ಬಿಸಿಲು ಇದ್ದೇ ಇರುತ್ತದೆ.

ಆರನೆಯ ಹಂತ: ಕಿಟಕಿಯಾಚೆ ನೋಡುವುದು

ಸಮತಲ ಹಾರಾಟಕ್ಕೆ ಬಂದಾಗ ಎತ್ತರ 10ರಿಂದ 12 ಕಿಲೋಮೀಟರ್, ಹೊರಗಿನ ಉಷ್ಣತೆ ಸುಮಾರು ಮೈನಸ್ 50 ಡಿಗ್ರಿ, ವೇಗ ಗಂಟೆಗೆ ಸುಮಾರು 850 ಕಿಲೋಮೀಟರ್, ಅಂದರೆ ನಿಮಿಷಕ್ಕೆ 14 ಕಿಲೋಮೀಟರ್. ವಾಯುಮಂಡಲದ ಗಾಳಿಯಲ್ಲಿ ಮುಕ್ಕಾಲು ಪಾಲು ಆಗ ನಿಮ್ಮ ಕಾಲಡಿ ಇರುತ್ತದೆ. ಆದ್ದರಿಂದಲೇ ತಲೆಯೆತ್ತಿ ನೋಡಿದರೆ ನೆಲದಿಂದ ಎಂದೂ ಕಾಣದ ಕಡುನೀಲಿ ಬಣ್ಣ ಕಾಣುತ್ತದೆ: ಬೆಳಕನ್ನು ಚೆದುರಿಸಿ ಆಕಾಶವನ್ನು ತಿಳಿಗೊಳಿಸುವ ಗಾಳಿ ಮೇಲೆ ಉಳಿದಿರುವುದು ಸ್ವಲ್ಪವೇ. ಈ ಎತ್ತರದಿಂದ ದಿಗಂತ ಸುಮಾರು 370 ಕಿಲೋಮೀಟರ್ ದೂರ. ಭೂಮಿಯ ದುಂಡು ಕಾಣುತ್ತದೆಂದು ಕೆಲವರು ಹೇಳುವುದುಂಟು, ಆದರೆ ಈ ಎತ್ತರದಲ್ಲಿ ಆ ಬಾಗು ಗುರುತಿಸಲಾಗದಷ್ಟು ಕಡಿಮೆ. ಅದು ಕಾಣಲಿಲ್ಲವೆಂದು ನಿರಾಶರಾಗಬೇಡಿ.

ಸೂರ್ಯನಿಗೆ ಬೆನ್ನು ಹಾಕಿದ ಬದಿಯಲ್ಲಿದ್ದರೆ, ಕೆಳಗಿನ ಮೋಡಗಳ ಮೇಲೆ ವಿಮಾನದ ನೆರಳನ್ನು ಹುಡುಕಿ. ಮೋಡ ಹತ್ತಿರವಿದ್ದಾಗ ನೆರಳು ಸ್ಪಷ್ಟ, ದೂರವಿದ್ದಾಗ ಮಸುಕು ಚುಕ್ಕೆ. ಆ ನೆರಳಿನ ಸುತ್ತ ಒಂದರೊಳಗೊಂದು ಬಣ್ಣದ ಬಳೆಗಳು ತೊಡಿಸಿದಂತೆ ಕಾಣುತ್ತವೆ. ಇದಕ್ಕೆ ಗ್ಲೋರಿ ಎಂದು ಹೆಸರು. ಇದು ಕಾಮನಬಿಲ್ಲಲ್ಲ, ಕಾಮನಬಿಲ್ಲು ಮಳೆಹನಿಗಳಿಂದ ಹುಟ್ಟುವ ದೊಡ್ಡ ಕಮಾನು, ಇದು ಮೋಡದ ಅತಿಸೂಕ್ಷ್ಮ ನೀರ ಕಣಗಳು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವುದರಿಂದ ಮೂಡುವ ಪುಟ್ಟ ವೃತ್ತ. ಆ ಬಳೆಯ ನಡುಬಿಂದು ವಿಮಾನದ ನೆರಳಿನ ಯಾವ ಭಾಗದ ಮೇಲೆ ಬಿದ್ದಿದೆ ಎಂಬುದನ್ನು ಸೂಕ್ಷ್ಮವಾಗಿ ನೋಡಿ: ಅದು ಸರಿಯಾಗಿ ನೀವು ಕುಳಿತ ಜಾಗ. ಹತ್ತು ಸಾಲು ಹಿಂದೆ ಕುಳಿತವರಿಗೆ ಆ ಬಳೆ ಅವರ ಜಾಗದ ಸುತ್ತಲೇ ಇರುತ್ತದೆ. ವಿಮಾನದಲ್ಲಿ ಎಷ್ಟು ಕಣ್ಣುಗಳು ನೋಡುತ್ತಿವೆಯೋ ಅಷ್ಟು ಗ್ಲೋರಿಗಳು. ಈ ಸಂಗತಿ ತಿಳಿದ ದಿನ ನನಗಾದ ಸಂತೋಷವನ್ನು ಹೇಳಲು ಇಂದಿಗೂ ಮಾತು ಸಾಲದು.

ಮೋಡವಿಲ್ಲದ ಕಡೆ ಅದೇ ಬಿಂದು ಕಾಡಿನ ಅಥವಾ ಹೊಲಗಳ ಮೇಲೆ ಓಡುವ ಒಂದು ಬೆಳಕಿನ ಚುಕ್ಕೆಯಾಗಿ ಕಾಣುತ್ತದೆ, ಏಕೆಂದರೆ ಆ ಜಾಗದಲ್ಲಿ ಪ್ರತಿ ಗಿಡದ ನೆರಳೂ ಆ ಗಿಡದ ಹಿಂದೆಯೇ ಅಡಗಿರುತ್ತದೆ. ಸೂರ್ಯನ ಬದಿಯಲ್ಲಿ ಕುಳಿತವರಿಗೆ ಬೇರೊಂದು ಬಹುಮಾನವಿದೆ: ಸೂರ್ಯನ ಪ್ರತಿಬಿಂಬ ಕೆಳಗಿನ ಕೆರೆ, ಕಾಲುವೆ, ನದಿಗಳ ಮೇಲೆ ವಿಮಾನದೊಂದಿಗೇ ಹರಿಯುತ್ತ, ಅದುವರೆಗೆ ಕಾಣದಿದ್ದ ನೀರಿನ ಪ್ರತಿ ಎಳೆಯನ್ನೂ ಒಂದು ಕ್ಷಣ ಬೆಳಗಿಸಿ ಆರಿಸುತ್ತದೆ. ನದಿಗಳು ಎಷ್ಟು ಬಳುಕುತ್ತವೆ, ಹಳೆಯ ಪಾತ್ರವನ್ನು ಬಿಟ್ಟು ಬಂದಲ್ಲಿ ಕುಡುಗೋಲಿನಾಕಾರದ ಕೊಳಗಳನ್ನು ಹೇಗೆ ಉಳಿಸುತ್ತವೆ ಎಂಬುದು ದಡದಲ್ಲಿ ನಿಂತವರಿಗೆ ಎಂದೂ ತಿಳಿಯದು.

ಮೋಡಗಳಲ್ಲೂ ಬಗೆಗಳನ್ನು ಗುರುತಿಸಿ. ಕೆಳಗೆ ಹತ್ತಿಯ ಉಂಡೆಗಳಂತೆ ಸಾಲುಗಟ್ಟಿದವುಗಳ ತಳ ಒಂದೇ ಮಟ್ಟದಲ್ಲಿ ಕತ್ತರಿಸಿದಂತಿರುತ್ತದೆ. ಏರುವ ಗಾಳಿಯೊಳಗಿನ ಆವಿ ತಣಿದು ಹನಿಯಾಗುವ ಎತ್ತರ ಅದು. ನಿಮ್ಮ ಮಟ್ಟದಲ್ಲೇ ತೇಲುವ ನೂಲಿನೆಳೆಯಂಥವು ಹಿಮದ ಹರಳುಗಳಿಂದಾದವು. ದೂರದಲ್ಲಿ ಗುಡುಗಿನ ಮೋಡವೊಂದು ಗೋಪುರದಂತೆ ನಿಮಗಿಂತಲೂ ಎತ್ತರಕ್ಕೆ ನಿಂತು, ತಲೆಯನ್ನು ಚಪ್ಪಟೆಯಾಗಿ ಹರಡಿಕೊಂಡಿದ್ದರೆ ಅದನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಪೈಲಟ್‌ಗಳು ರೇಡಾರ್‌ನಲ್ಲಿ ಅದನ್ನು ಗುರುತಿಸಿ ಸುತ್ತು ಹಾಕಿಕೊಂಡು ಹೋಗುತ್ತಾರೆ. ರಾತ್ರಿಯ ಹೊತ್ತು ಅಂಥ ಮೋಡ ಒಳಗಿನಿಂದಲೇ ಮಿಂಚಿ ಬೆಳಗುವುದು ನೂರಾರು ಕಿಲೋಮೀಟರ್ ದೂರದಿಂದ ಸದ್ದಿಲ್ಲದೆ ಕಾಣುತ್ತದೆ.

ಸಂಜೆಯ ಯಾನವಾದರೆ ನೆಲದಲ್ಲಿ ಸೂರ್ಯ ಮುಳುಗಿ ಹತ್ತು ನಿಮಿಷ ಕಳೆದರೂ ನಿಮಗೆ ಕಾಣುತ್ತಲೇ ಇರುತ್ತಾನೆ, ಏಕೆಂದರೆ ಎತ್ತರದಲ್ಲಿರುವವರಿಗೆ ದಿಗಂತ ಕೆಳಗೆ ಸರಿದಿರುತ್ತದೆ. ಸೂರ್ಯ ಮರೆಯಾದ ಕೂಡಲೇ ಎದುರು ದಿಕ್ಕಿಗೆ ತಿರುಗಿ ನೋಡಿ: ದಿಗಂತದ ಮೇಲೆ ಬೂದುನೀಲಿ ಪಟ್ಟಿಯೊಂದು, ಅದರ ಮೇಲೆ ನಸುಗೆಂಪಿನ ಅಂಚು ಮೂಡಿರುತ್ತದೆ. ಆ ಬೂದುನೀಲಿ ಪಟ್ಟಿ ವಾಯುಮಂಡಲದ ಮೇಲೆ ಬಿದ್ದ ಭೂಮಿಯದೇ ನೆರಳು. ಅದು ಏರುತ್ತ ಏರುತ್ತ ಆಕಾಶವನ್ನು ತುಂಬಿದಾಗ ನಾವು ಅದನ್ನು ರಾತ್ರಿ ಎನ್ನುತ್ತೇವೆ.

ಎದುರಿನಿಂದ ಇನ್ನೊಂದು ವಿಮಾನ ಬಂದರೂ ಬರಬಹುದು. ಎತ್ತರದಲ್ಲಿ ಕನಿಷ್ಠ 1,000 ಅಡಿ, ಅಂದರೆ ಸುಮಾರು 300 ಮೀಟರ್ ಅಂತರವಿರುವಂತೆ ಅವುಗಳ ಮಟ್ಟಗಳನ್ನು ನಿಗದಿಪಡಿಸಿರುತ್ತಾರೆ. ಎರಡರ ವೇಗವೂ ಕೂಡಿ ಗಂಟೆಗೆ 1,600 ಕಿಲೋಮೀಟರ್ ದಾಟುವುದರಿಂದ, ಬಿಳಿಯ ಬಾಲವನ್ನು ಎಳೆದುಕೊಂಡು ಅದು ಬಾಣದಂತೆ ಹಾದುಹೋಗುತ್ತದೆ. ಆ ಬಾಲ ಹೊಗೆಯಲ್ಲ, ಎಂಜಿನ್ನಿನಿಂದ ಹೊರಬಂದ ನೀರಾವಿ ಕೊರೆಯುವ ಚಳಿಯಲ್ಲಿ ಹಿಮವಾದದ್ದು.

ಚಿತ್ರ ತೆಗೆಯುವುದಾದರೆ ಫ್ಲಾಶ್ ಬಂದ್ ಮಾಡಿ, ಮೊಬೈಲನ್ನು ಕಿಟಕಿಯ ಸಮೀಪ ಹಿಡಿಯಿರಿ, ಆದರೆ ಒತ್ತಬೇಡಿ. ಒತ್ತಿದರೆ ವಿಮಾನದ ನಡುಕ ಚಿತ್ರಕ್ಕೂ ಬರುತ್ತದೆ. ಒಳಗಿನ ದೀಪಗಳ ಪ್ರತಿಬಿಂಬ ಬೀಳದಂತೆ ಕಪ್ಪು ಬಟ್ಟೆಯನ್ನು ಸುತ್ತ ಮರೆಯಾಗಿ ಹಿಡಿದುಕೊಳ್ಳಿ. ರಾತ್ರಿ ಅದೇ ಬಟ್ಟೆಯನ್ನು ತಲೆಯ ಮೇಲೆ ಹೊದ್ದು ಕಿಟಕಿಗೆ ಮುಖವಿಟ್ಟು ಐದು ನಿಮಿಷ ಕಾದರೆ ಕಣ್ಣು ಕತ್ತಲೆಗೆ ಹೊಂದಿಕೊಂಡು ನಕ್ಷತ್ರಗಳು ಒಂದೊಂದಾಗಿ ಹೊರಬರುತ್ತವೆ. ಮೊದಲು ಕಣ್ಣಿನಿಂದ ನೋಡಿ, ಚಿತ್ರ ಆಮೇಲೆ.

ಏಳನೆಯ ಹಂತ: ದೇಹದ ಕಾಳಜಿ ಮತ್ತು ಕುಲುಕಾಟ

ಕ್ಯಾಬಿನ್ನಿನ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹೊಂದಿಸಿರುತ್ತಾರೆ. ತೇವಾಂಶ ಬಹಳ ಕಡಿಮೆ. ಆದ್ದರಿಂದ ಆಗಾಗ ನೀರು ಕುಡಿಯಿರಿ, ಚಳಿಯೆನಿಸಿದರೆ ಸ್ವೆಟರ್ ಹಾಕಿಕೊಳ್ಳಿ, ದೀರ್ಘ ಯಾನದಲ್ಲಿ ಗಂಟೆಗೊಮ್ಮೆಯಾದರೂ ಕಾಲಾಡಿಸಿ. ಸೀಟ್ ಬೆಲ್ಟಿನ ದೀಪ ಆರಿದ್ದರೂ ಕುಳಿತಿರುವಷ್ಟು ಹೊತ್ತು ಬೆಲ್ಟನ್ನು ಸಡಿಲವಾಗಿ ಕಟ್ಟಿಕೊಂಡೇ ಇರಬೇಕು. ವಿಮಾನ ಕುಲುಕುವುದೆಂದರೆ ಏರಿಳಿಯುವ ಗಾಳಿಯ ಅಲೆಗಳ ಮೇಲೆ ಅದು ಸಾಗುತ್ತಿದೆ ಎಂದಷ್ಟೇ. ನೂರಾರು ಅಡಿ ಕುಸಿದಂತೆ ಅನ್ನಿಸಿದರೂ ಸಾಮಾನ್ಯ ಕುಲುಕಾಟದಲ್ಲಿ ಎತ್ತರ ಬದಲಾಗುವುದು ಕೆಲವೇ ಮೀಟರುಗಳಷ್ಟು. ರೆಕ್ಕೆ ಬಾಗಿ ಅಲುಗುವುದನ್ನು ಕಂಡು ಅಂಜಬೇಡಿ, ಬಾಗಲೆಂದೇ ಅದನ್ನು ಕಟ್ಟಿದ್ದಾರೆ. 2010ರಲ್ಲಿ ಬೋಯಿಂಗ್ 787ರ ರೆಕ್ಕೆಯನ್ನು, ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟು ಹೇರಿ ಪರೀಕ್ಷಿಸಿದಾಗ ಅದರ ತುದಿ ಸುಮಾರು 25 ಅಡಿ ಮೇಲಕ್ಕೆ ಬಾಗಿತು, ಮುರಿಯಲಿಲ್ಲ. ಕುಲುಕಾಟದಲ್ಲಿ ನಿಜವಾಗಿ ಪೆಟ್ಟಾಗುವುದು ಬೆಲ್ಟ್ ಕಟ್ಟಿಕೊಳ್ಳದವರಿಗೆ. ಅದನ್ನು ಕಟ್ಟಿಕೊಂಡಿದ್ದರೆ, ಮುಂದಿನ ಲೋಟದಲ್ಲಿರುವ ನೀರನ್ನು ಗಮನಿಸಿ. ನಿಮಗೆ ಅನ್ನಿಸಿದಷ್ಟು ಅದು ತುಳುಕುವುದಿಲ್ಲ ಎಂಬುದನ್ನು ಕಂಡು ಮನಸ್ಸು ತಾನಾಗಿ ಶಾಂತವಾಗುತ್ತದೆ.

ನೀರು ಮುಗಿದ ಬಾಟಲಿಯ ಮುಚ್ಚಳವನ್ನು ಈ ಎತ್ತರದಲ್ಲಿಯೇ ಬಿಗಿಯಾಗಿ ಹಾಕಿ ಚೀಲದಲ್ಲಿಡಿ. ಇಳಿದ ಮೇಲೆ ಅದನ್ನು ತೆಗೆದು ನೋಡಬೇಕು.

ಎಂಟನೆಯ ಹಂತ: ಇಳಿಯುವುದು

ಇಳಿಯಲು ಅರ್ಧ ಗಂಟೆ ಇರುವಾಗಲೇ ಎಂಜಿನ್ನಿನ ಸದ್ದು ಮೆತ್ತಗಾಗುತ್ತದೆ. ಮಲಗಿದ್ದರೆ ಎದ್ದುಬಿಡಿ. ಏರುವಾಗ ನಡುಗಿವಿಯ ಗಾಳಿ ಸುಲಭವಾಗಿ ಹೊರಹೋಗುತ್ತದೆ, ಇಳಿಯುವಾಗ ಅದೇ ಕಿರುನಾಳದ ಮೂಲಕ ಒಳಬರಲು ಕಷ್ಟಪಡುತ್ತದೆ. ನಿದ್ದೆಯಲ್ಲಿ ನಾವು ಉಗುಳು ನುಂಗುವುದು ಕಡಿಮೆಯಾದ್ದರಿಂದ ನೋವು ಹೆಚ್ಚಾಗುತ್ತದೆ. ಕಿವಿ ಗವ್ವೆಂದ ಕೂಡಲೇ ಉಗುಳು ನುಂಗಿ, ಆಕಳಿಸಿ, ಚ್ಯೂಯಿಂಗ್ ಗಮ್ ಜಗಿಯಿರಿ. ಅಷ್ಟಕ್ಕೂ ಸರಿಹೋಗದಿದ್ದರೆ ಮೂಗು ಹಿಡಿದು, ಬಾಯಿ ಮುಚ್ಚಿ, ಬಹಳ ಮೆಲ್ಲಗೆ ಗಾಳಿಯನ್ನು ಮೂಗಿನತ್ತ ಒತ್ತಿ, ಬಲ ಪ್ರಯೋಗಿಸಬಾರದು. ಎಳೆಯ ಮಗುವಿದ್ದರೆ ಇಳಿಯುವ ಹೊತ್ತಿಗೆ ಹಾಲೂಡಿಸಿ. ತೀವ್ರ ನೆಗಡಿ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳುವುದು ಒಳಿತು.

ಈಗ ಮತ್ತೆ ಫ್ಲಾಪ್‌ಗಳು ಗುಂಯ್‌ಗುಡುತ್ತ ಚಾಚುತ್ತವೆ, ಚಕ್ರಗಳು ದಡ್ ಎಂದು ಹೊರಬಂದು ಗಾಳಿಯ ಮೊರೆತ ಹೆಚ್ಚುತ್ತದೆ. ಕಿಟಕಿಯ ಪರದೆ ತೆರೆಯಲು ಹೇಳುವುದು ಹೊರಗಿನ ಸ್ಥಿತಿ ಸಿಬ್ಬಂದಿಗೆ ಕಾಣಲೆಂದು. ರಾತ್ರಿ ದೀಪ ಆರಿಸುವುದು ಎಲ್ಲರ ಕಣ್ಣು ಕತ್ತಲೆಗೆ ಹೊಂದಿಕೊಂಡಿರಲೆಂದು. ವಿಮಾನ ಸುಮಾರು 3 ಡಿಗ್ರಿಯ ಇಳಿಜಾರಿನಲ್ಲಿ ರನ್‌ವೇಗೆ ಬರುತ್ತದೆ. ನೆಲ ಮುಟ್ಟುವ ಮುನ್ನ ಎಂಜಿನ್ ಮತ್ತೆ ಆರ್ಭಟಿಸಿ ವಿಮಾನ ಮೇಲೇರಿದರೆ ಅದು ಪೈಲಟ್‌ಗಳು ಸದಾ ಅಭ್ಯಾಸ ಮಾಡುವ ಸಾಮಾನ್ಯ ಕ್ರಮ. ಎಲ್ಲವೂ ಸರಿಯಿಲ್ಲವೆನಿಸಿದಾಗ ಇನ್ನೊಂದು ಸುತ್ತು ಬಂದು ಇಳಿಯುತ್ತಾರೆ. ಒದ್ದೆ ರನ್‌ವೇಯ ಮೇಲೆ ಸ್ವಲ್ಪ ಗಟ್ಟಿಯಾಗಿ ಇಳಿಸುವುದು ಟೈರು ನೀರಿನ ಪದರವನ್ನು ಭೇದಿಸಲೆಂದು. ಚಕ್ರ ನೆಲ ಮುಟ್ಟಿದ ಕ್ಷಣವೇ ರೆಕ್ಕೆಯ ಮೇಲ್ಭಾಗದ ಹಲಗೆಗಳು ಎದ್ದು ನಿಲ್ಲುವುದನ್ನು ನೋಡಲು ಮರೆಯಬೇಡಿ. ಅವು ರೆಕ್ಕೆಯ ಎತ್ತುವ ಶಕ್ತಿಯನ್ನು ಕಸಿದು, ಭಾರವನ್ನು ಮತ್ತೆ ಚಕ್ರಗಳಿಗೆ ಒಪ್ಪಿಸುತ್ತವೆ. ಹಿಂದೆಯೇ ಕೇಳುವ ಭೋರ್ಗರೆತ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವುದರಿಂದ ಬರುತ್ತದೆ.

ಸೀಟ್ ಬೆಲ್ಟಿನ ದೀಪ ಆರುವವರೆಗೆ ಕುಳಿತಿರಿ. ಎಲ್ಲರೂ ಒಮ್ಮೆಲೇ ಎದ್ದು ನಿಂತರೂ ಬಾಗಿಲು ತೆರೆಯುವುದು ಅದರ ಹೊತ್ತಿಗೇ, ನಿಮಗೆ ಅವಸರ ಬೇಡ. ಆ ಬಿಡುವಿನಲ್ಲಿ ಚೀಲದಿಂದ ಬಾಟಲಿಯನ್ನು ತೆಗೆದು ನೋಡಿ: ಯಾರೋ ಹಿಂಡಿದಂತೆ ಅದು ಒಳಕ್ಕೆ ಕುಗ್ಗಿರುತ್ತದೆ. ಮೇಲಿನ ತೆಳುಗಾಳಿಯನ್ನು ನೀವು ಅದರಲ್ಲಿ ಹಿಡಿದು ತಂದಿದ್ದೀರಿ, ನೆಲದ ಗಾಳಿ ಅದನ್ನು ಒತ್ತುತ್ತಿದೆ. ಲಗೇಜು ಬರುವ ಬೆಲ್ಟಿನ ಬಳಿ ನಿಮ್ಮ ಚೀಟಿಯ ಸಂಖ್ಯೆಯನ್ನು ಚೀಲದ ಪಟ್ಟಿಯ ಸಂಖ್ಯೆಯೊಂದಿಗೆ ಹೋಲಿಸಿಕೊಂಡೇ ಎತ್ತಿಕೊಳ್ಳಿ, ಒಂದೇ ಬಣ್ಣದ ಚೀಲಗಳು ಬಹಳ ಇರುತ್ತವೆ.

ಮರುಪ್ರಯಾಣದ ಸೀಟನ್ನು ಅಂದೇ ಆರಿಸುವುದಾದರೆ ಒಂದು ಮಾತು. ಹೋಗುವಾಗ ಮತ್ತು ಬರುವಾಗ ದಿಕ್ಕು ತಿರುಗುವುದರಿಂದ, ಹೋಗುವಾಗ ಸೂರ್ಯನಿಗೆ ಬೆನ್ನು ಹಾಕಿದ ಎ ಸೀಟಿನಲ್ಲಿದ್ದು, ಬರುವಾಗಲೂ ಅದೇ ಹೊತ್ತಿನ ವಿಮಾನದಲ್ಲಿ ಅದೇ ಅಕ್ಷರದ ಸೀಟು ಹಿಡಿದರೆ ಸೂರ್ಯ ಈ ಸಲ ನಿಮ್ಮ ಬದಿಗೆ ಬಂದಿರುತ್ತಾನೆ. ಹೋಗುವಾಗ ಗ್ಲೋರಿಯನ್ನು ಕಂಡಿದ್ದರೆ ಬರುವಾಗ ಎ ಅನ್ನೇ ಉಳಿಸಿಕೊಂಡು, ನದಿಗಳು ಒಂದೊಂದಾಗಿ ಬೆಳಗುವುದನ್ನು ನೋಡಿ. ಗ್ಲೋರಿ ಕಾಣದೆ ಹೋಗಿದ್ದರೆ ಎಫ್ ಹಿಡಿಯಿರಿ.